ಕಾವಿನಿಂದ ಕಳಚಿದ ಕೊಡಲಿ

ಯೌವನಸ್ಥರ ಆರಾಧನೆಯ ಸಂದೇಶ
ವಾಕ್ಯಭಾಗ: ಧರ್ಮೋಪದೇಶಕಾಂಡ 19:1–7, ಯೆಹೋಶುವ 20:1–6, ಯೆಹೋಶುವ 22:10–34

ಕುಳಿತುಕೊಳ್ಳಿ. ಧರ್ಮೋಪದೇಶಕಾಂಡ 19ನೇ ಅಧ್ಯಾಯ ತೆಗೆಯಿರಿ. ಫೋನಲ್ಲಿ ಬೈಬಲ್ ಓದುವವರು ಓದಬಹುದು, ಆದರೆ ಮೇಲಿಂದ ಇಳಿದು ಬರೋ ನೋಟಿಫಿಕೇಶನ್ ಮಾತ್ರ ಒತ್ತಬೇಡಿ. ಇವತ್ತಿನ ವಿಷಯ ಅದರದ್ದೇ.

ಮೊದಲ ಏಳು ವಚನಗಳನ್ನು ನೀವು ಮನಸ್ಸಿನಲ್ಲಿ ಓದಿಕೊಳ್ಳಿ, ನಾನು ನನ್ನ ಮಾತಿನಲ್ಲಿ ಹೇಳ್ತೀನಿ. ಒಬ್ಬ ಮನುಷ್ಯ ತನ್ನ ನೆರೆಯವನ ಜೊತೆ ಕಟ್ಟಿಗೆ ಕಡಿಯೋಕೆ ಕಾಡಿಗೆ ಹೋಗ್ತಾನೆ. ಇಬ್ಬರ ಮಧ್ಯೆ ಜಗಳ ಇಲ್ಲ, ಹಳೆಯ ದ್ವೇಷ ಇಲ್ಲ. ಬೆಳಿಗ್ಗೆ ಒಟ್ಟಿಗೆ ಬುತ್ತಿ ಕಟ್ಟಿಕೊಂಡು ಹೊರಟಿರಬಹುದು. ಇವನು ಮರಕ್ಕೆ ಬೀಸಿದ. ಕೊಡಲಿಯ ಅಲಗು ಕಾವಿನಿಂದ ಕಳಚಿ ಹಾರಿತು, ನೆರೆಯವನಿಗೆ ತಗುಲಿತು. ಅವನು ಸತ್ತ. ಕಾವು ಅಂದ್ರೆ ಕೊಡಲಿಯ ಮರದ ಹಿಡಿ. ಸಿಟಿಯಲ್ಲಿ ಹುಟ್ಟಿದವರಿಗೆ ಈ ಪದ ಗೊತ್ತಿರಲ್ಲ, ಅದಕ್ಕೆ ಹೇಳಿದೆ. ಎಲೀಷನ ಕಾಲದಲ್ಲೂ ಒಂದು ಕೊಡಲಿಯ ಅಲಗು ಕಳಚಿತ್ತು, ಅದು ನೀರಿಗೆ ಬಿತ್ತು, ದೇವರು ತೇಲಿಸಿಕೊಟ್ಟರು. ನಾವು ಆ ಕಥೆಯನ್ನು ಸಂಡೇ ಸ್ಕೂಲಿನಲ್ಲಿ ಚಿತ್ರ ಬರೆಸಿ ಹೇಳಿಕೊಡ್ತೀವಿ. ಈ ಕೊಡಲಿಯ ಕಥೆಯನ್ನು ಯಾರೂ ಚಿತ್ರ ಬರೆಸಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ. ಕೆಲಸವೂ ಕೆಟ್ಟದ್ದಲ್ಲ, ಒಲೆ ಉರಿಯೋಕೆ ಕಟ್ಟಿಗೆ ಬೇಕು. ಆದರೂ ಒಬ್ಬ ಮನುಷ್ಯ ನೆಲದ ಮೇಲೆ ಸತ್ತು ಬಿದ್ದಿದ್ದಾನೆ. ಇನ್ನೊಬ್ಬನ ಕೈಯಲ್ಲಿ ಬರೀ ಕಾವು ಉಳಿದಿದೆ. ಅವನು ಈಗ ಏನು ಮಾಡಬೇಕು? ಧರ್ಮಶಾಸ್ತ್ರ ಈ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ತಗೊಂಡಿದೆ ಅಂದ್ರೆ, ಇಂಥವನೊಬ್ಬನಿಗೋಸ್ಕರ ದೇಶದಲ್ಲಿ ಆರು ಪಟ್ಟಣಗಳನ್ನೇ ಬೇರೆ ಇಟ್ಟಿದೆ.

ಈಗ ಕಾಡು ಬಿಟ್ಟು ಬೆಂಗಳೂರಿಗೆ ಬನ್ನಿ. 2018ರ ಮೇ ತಿಂಗಳು. ವಿಧಾನಸಭೆ ಚುನಾವಣೆ ಆಗಷ್ಟೇ ಮುಗಿದಿತ್ತು. ನಿಮ್ಮಲ್ಲಿ ಕೆಲವರು ಆಗ ಹೈಸ್ಕೂಲಿನಲ್ಲಿ ಇದ್ದಿರಬಹುದು, ಆದರೂ ನೆನಪಿರಬೇಕು. ಪ್ರತಿ ಮನೆಯ ವಾಟ್ಸಾಪ್‌ಗೂ ಒಂದೇ ಸುದ್ದಿ: ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ, ನೂರಾರು ಜನ ಇದ್ದಾರೆ, ಉತ್ತರ ಭಾರತದವರು, ಹುಷಾರು. ಕನ್ನಡದಲ್ಲಿ ಒಂದು ಆಡಿಯೋ, ತೆಲುಗಲ್ಲಿ ಒಂದು, ತಮಿಳಲ್ಲಿ ಒಂದು. ಜೊತೆಗೆ ಒಂದು ವಿಡಿಯೋ. ಬೀದಿಯಲ್ಲಿ ಹುಡುಗರು ಕ್ರಿಕೆಟ್ ಆಡ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರ್ತಾರೆ, ಒಂದು ಮಗುವನ್ನು ಎತ್ತಿಕೊಂಡು ಹೋಗೇ ಬಿಡ್ತಾರೆ. ನೋಡಿದ ತಾಯಿಯ ಹೊಟ್ಟೆ ಉರಿಯದೆ ಇರುತ್ತಾ?

ಆ ವಿಡಿಯೋ ಬೆಂಗಳೂರಿನದ್ದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಗೆ ಕೆಲಸ ಮಾಡೋ ಒಂದು ಸಂಸ್ಥೆ ಜಾಗೃತಿಗಾಗಿ ನಟರನ್ನಿಟ್ಟು ಮಾಡಿಸಿದ ಚಿತ್ರ ಅದು. ಪೂರ್ತಿ ಚಿತ್ರದಲ್ಲಿ ಬೈಕು ವಾಪಸ್ ಬರುತ್ತೆ, ಮಗುವನ್ನು ಇಳಿಸುತ್ತೆ, ಮಗುವನ್ನು ಕದಿಯೋಕೆ ಒಂದು ಕ್ಷಣ ಸಾಕು, ಮಕ್ಕಳ ಮೇಲೆ ಕಣ್ಣಿಡಿ ಅನ್ನೋ ಅರ್ಥದ ಫಲಕ ತೋರಿಸ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿದರು. ಮಕ್ಕಳನ್ನು ಕಾಪಾಡೋಕೆ ಮಾಡಿದ ಚಿತ್ರ ಅದು. ಬಾಲ ಕತ್ತರಿಸಿದ ಮೇಲೆ ಮನುಷ್ಯರನ್ನು ಕೊಲ್ಲಿಸ್ತು.

ಕತ್ತರಿಸಿದವನು ಗೊತ್ತಿದ್ದೇ ಮಾಡಿದ. ಅವನ ಬಗ್ಗೆ ಇವತ್ತು ನಾನು ಮಾತಾಡ್ತಿಲ್ಲ, ಅವನ ಲೆಕ್ಕ ದೇವರ ಹತ್ತಿರ ಇದೆ. ನಾನು ಮಾತಾಡ್ತಿರೋದು ಅದನ್ನು ಮುಂದಕ್ಕೆ ಕಳಿಸಿದವರ ಬಗ್ಗೆ. ಅವರಲ್ಲಿ ಕೆಟ್ಟ ಮನಸ್ಸಿನವರು ಎಷ್ಟು ಜನ ಇದ್ದರು? ಅಮ್ಮಂದಿರು, ಅಜ್ಜಿಯರು, ಸ್ಕೂಲ್ ವ್ಯಾನ್ ಓಡಿಸೋರು, ಅಪಾರ್ಟ್‌ಮೆಂಟ್ ಸೆಕ್ರೆಟರಿಗಳು, ಟ್ಯೂಷನ್ ಟೀಚರುಗಳು. ಪ್ರೀತಿಯಿಂದಲೇ ಕಳಿಸಿದರು. ಕಟ್ಟಿಗೆ ಕಡಿಯೋಕೇ ಹೋದವರು.

ಮೇ 23, ಬುಧವಾರ. ಚಾಮರಾಜಪೇಟೆಯಲ್ಲಿ ಒಬ್ಬ ಯುವಕ ನಡೆದು ಹೋಗ್ತಿದ್ದ. ವಯಸ್ಸು 26, ರಾಜಸ್ಥಾನದವನು, ಕೆಲಸಕ್ಕೆ ಅಂತ ಈ ಊರಿಗೆ ಬಂದವನು. ಯಾರೋ ಮಕ್ಕಳ ಕಳ್ಳ ಅಂದರು. ಅಷ್ಟು ಸಾಕಾಯ್ತು. ಕೈ ಕಟ್ಟಿ, ಬೀದಿಯಲ್ಲಿ ಎಳೆದಾಡಿ, ಬ್ಯಾಟಿನಿಂದ ಹೊಡೆದರು. ಅವನು ಸತ್ತ. ಅವನು ಯಾವ ಮಗುವನ್ನೂ ಮುಟ್ಟಿರಲಿಲ್ಲ. ಇದು ಸುಳ್ಳು ಸುದ್ದಿ, ನಂಬಬೇಡಿ ಅಂತ ಪೊಲೀಸರು ಅದಕ್ಕೂ ಮೊದಲೇ ಹೇಳ್ತಿದ್ದರು. ಆದರೆ ಪೊಲೀಸರ ಹೇಳಿಕೆಯನ್ನು ಯಾರು ಫಾರ್ವರ್ಡ್ ಮಾಡ್ತಾರೆ?

ಇದಾಗಿ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಜುಲೈ 13, ಬೀದರ್ ಜಿಲ್ಲೆ. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಕಾರಿನಲ್ಲಿ ಹೋಗ್ತಾ ದಾರಿಯಲ್ಲಿ ಸಿಕ್ಕ ಶಾಲೆ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರಲ್ಲೊಬ್ಬರು ಕತಾರ್ ದೇಶದವರು. ನೋಡಿದವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೀತು, ಹೆದರಿದ ಇವರು ಕಾರು ಹತ್ತಿ ಹೊರಟರು. ಈಗ ಕೇಳಿ. ಕಾರು ರಸ್ತೆಯಲ್ಲಿ ಹೋಗ್ತಿದೆ, ಅದರ ವಿಡಿಯೋ ವಾಟ್ಸಾಪ್‌ನಲ್ಲಿ ಹೋಗ್ತಿದೆ. ಔರಾದ್ ತಾಲ್ಲೂಕಿನ ಮುರ್ಕಿ ಗ್ರಾಮಕ್ಕೆ ಕಾರಿಗಿಂತ ಮೊದಲು ಮೆಸೇಜ್ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಉರುಳಿತು. ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು, ಜೊತೆಯಲ್ಲಿದ್ದವರಿಗೆ ತೀವ್ರ ಗಾಯ. ಕಾಪಾಡೋಕೆ ಹೋದ ಪೊಲೀಸರೂ ಏಟು ತಿಂದರು. ಆಮೇಲೆ ಬಂಧಿಸಿದವರಲ್ಲಿ ಒಂದು ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಇದ್ದ.

ನನಗೆ ಇಲ್ಲಿ ಪೌಲ ನೆನಪಾಗ್ತಾನೆ. ಅಪೊಸ್ತಲರ ಕೃತ್ಯಗಳು 21. ಎಫೆಸದ ತ್ರೊಫಿಮ ಪೌಲನ ಜೊತೆ ಯೆರೂಸಲೇಮಿನ ಬೀದಿಯಲ್ಲಿ ಓಡಾಡಿದ್ದನ್ನು ಜನ ನೋಡಿದ್ದರು. ಅಷ್ಟು ನಿಜ. ಹಾಗಾದರೆ ಇವನನ್ನು ದೇವಾಲಯದ ಒಳಗೂ ಕರಕೊಂಡು ಹೋಗಿರಬೇಕು ಅಂತ ಅಂದುಕೊಂಡರು. ಅಷ್ಟು ಸುಳ್ಳು. ಲೂಕನು 29ನೇ ವಚನದಲ್ಲಿ ಬಹಳ ಎಚ್ಚರದಿಂದ ಬರೆದಿದ್ದಾನೆ: ಕಂಡದ್ದು ಒಂದು, ಊಹಿಸಿದ್ದು ಇನ್ನೊಂದು. ಆ ಊಹೆಯ ಮೇಲೆ ಪಟ್ಟಣಕ್ಕೆ ಪಟ್ಟಣವೇ ಓಡಿಬಂತು. ಸಹಸ್ರಾಧಿಪತಿ ಬಂದು ಇವನೇನು ಮಾಡಿದ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಕೊನೆಗೆ ಸೈನಿಕರು ಪೌಲನನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಬೇಕಾಯ್ತು. ಅಂದು ರೋಮಿನ ಸೈನಿಕರು ತಡವಾಗಿ ಬಂದಿದ್ದರೆ ನಮ್ಮ ಕೈಯಲ್ಲಿ ಎಫೆಸದವರ ಪತ್ರಿಕೆ ಇರ್ತಿತ್ತಾ? ಪೌಲ ಅದನ್ನು ಬರೆದದ್ದು ಇದಾದ ಮೇಲೆ. ನಮ್ಮ ಸಭೆಗಳಲ್ಲಿ ನಾವು ಪೌಲನ ಜಾಗದಲ್ಲಿ ನಿಂತು ಈ ಭಾಗವನ್ನು ಓದ್ತೀವಿ. ಒಮ್ಮೆ ಗುಂಪಿನ ಜಾಗದಲ್ಲಿ ನಿಂತು ಓದಿ ನೋಡಿ.

ಪಾಸ್ಟರ್, ನಾವು ಓದಿದವರು, ನಾವು ಇಂಥದ್ದು ಕಳಿಸಲ್ಲ ಅಂತೀರಾ. ಸರಿ, ನಮ್ಮ ಮನೆಯ ಮಾತೇ ಆಡೋಣ. ಭಾರತದ ಒಲಿಸಬಾಂಗ್ ಅನ್ನೋ ಪ್ರಾಂತ್ಯದಲ್ಲಿ ಬೌದ್ಧ ತೀವ್ರವಾದಿಗಳು 20 ಚರ್ಚ್ ಸುಟ್ಟಿದ್ದಾರೆ, ಇವತ್ತು ರಾತ್ರಿ ಇನ್ನೂ 200 ಸುಡ್ತಾರೆ, ತುರ್ತು ಪ್ರಾರ್ಥನೆ ಮಾಡಿ, ಎಲ್ಲರಿಗೂ ಕಳಿಸಿ ಅಂತ ಒಂದು ಮೆಸೇಜ್ ವರ್ಷಗಟ್ಟಲೆ ಲೋಕವನ್ನೆಲ್ಲಾ ಸುತ್ತಿದೆ. ಭಾರತದಲ್ಲಿ ಆ ಹೆಸರಿನ ಪ್ರಾಂತ್ಯವೇ ಇಲ್ಲ! ಭಾರತದಲ್ಲೇ ಕೂತಿರೋ ವಿಶ್ವಾಸಿಗಳು ಕೂಡ ಮುಂದಕ್ಕೆ ಕಳಿಸಿದರು. ಇನ್ನೊಂದು, ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳನ್ನು ನಾಳೆ ಕೊಲ್ತಾರೆ ಅನ್ನೋದು. ಅದರ ಹಿಂದೆ ನಡೆದದ್ದು ಒಂದಿದೆ. 2007ರಲ್ಲಿ ಕೊರಿಯಾದ ಒಂದು ಸಭೆಯ 23 ಜನರನ್ನು ತಾಲಿಬಾನ್ ಹಿಡಿದಿಟ್ಟಿತ್ತು, ಇಬ್ಬರನ್ನು ಕೊಂದಿತು, ಉಳಿದವರು ಅದೇ ವರ್ಷ ಬಿಡುಗಡೆಯಾದರು. ಆದರೆ ಆ ‘ನಾಳೆ’ ಇನ್ನೂ ಮುಗಿದಿಲ್ಲ, ಪ್ರತಿ ವರ್ಷ ಯಾರದ್ದಾದರೂ ಫೋನಿನಲ್ಲಿ ಹೊಸದಾಗಿ ಹುಟ್ಟುತ್ತೆ.

ಪ್ರಾರ್ಥನೆ ಮಾಡಿದರೆ ತಪ್ಪೇನು ಅಂತ ಕೇಳಬಹುದು. ಪ್ರಾರ್ಥನೆಯಲ್ಲಿ ತಪ್ಪಿಲ್ಲ. ಆದರೆ ಆ ಮೆಸೇಜ್ ಓದಿದ ಒಬ್ಬ ಹುಡುಗ ಬೌದ್ಧನಾದ ತನ್ನ ಕ್ಲಾಸ್‌ಮೇಟನ್ನು ನಾಳೆ ಯಾವ ಕಣ್ಣಿಂದ ನೋಡ್ತಾನೆ? ಇನ್ನೊಬ್ಬ ನೆರೆಯವನ ಮೇಲೆ ಸುಳ್ಳು ಹೊರಿಸಿ, ಅದರ ಕೊನೆಗೆ ಆಮೆನ್ ಸೇರಿಸಿದರೆ ಅದು ಪ್ರಾರ್ಥನಾ ವಿಷಯ ಆಗಲ್ಲ. ಹತ್ತು ಆಜ್ಞೆಗಳಲ್ಲಿ ಸುಳ್ಳು ಸಾಕ್ಷಿಯ ಬಗ್ಗೆ ಇರೋ ಆಜ್ಞೆ ನೆರೆಯವನ ಹೆಸರು ಹಿಡಿದೇ ಮಾತಾಡುತ್ತೆ. ನಿಜವಾಗಿ ಹಿಂಸೆಗೆ ಒಳಗಾದ ಸಭೆಗಳಿಗೂ ಇದರಿಂದ ಅನ್ಯಾಯ. ಅವರು ನಿಜ ಹೇಳಿದಾಗಲೂ ಜನ ಇದೂ ಒಂದು ಫಾರ್ವರ್ಡ್ ಅಂತಾರೆ.

2012ರ ಆಗಸ್ಟ್ ತಿಂಗಳನ್ನು ದೊಡ್ಡವರು ಮರೆತಿರಲಿಕ್ಕಿಲ್ಲ. ಈಶಾನ್ಯ ರಾಜ್ಯದವರ ಮೇಲೆ ದಾಳಿ ಆಗುತ್ತೆ ಅನ್ನೋ ಸುಳ್ಳು ಎಸ್ಸೆಮ್ಮೆಸ್ಸುಗಳಿಗೆ ಹೆದರಿ ಸಾವಿರಾರು ಜನ ಈ ಊರು ಬಿಟ್ಟರು, ಗುವಾಹಟಿಗೆ ಸ್ಪೆಷಲ್ ರೈಲು ಬಿಡಬೇಕಾಯ್ತು. ಸರ್ಕಾರ ಒಟ್ಟೊಟ್ಟಿಗೆ ಕಳಿಸೋ ಎಸ್ಸೆಮ್ಮೆಸ್ಸನ್ನು 15 ದಿನ ನಿಲ್ಲಿಸಿತು. ಹೋದವರಲ್ಲಿ ನಮ್ಮ ವಿಶ್ವಾಸದವರೇ ಎಷ್ಟೋ ಜನ. ಅಂದ್ರೆ ನಾವು ಎರಡೂ ಕಡೆ ನಿಂತಿದ್ದೀವಿ. ಸುಳ್ಳಿಗೆ ಹೆದರಿ ಓಡಿದವರೂ ನಾವೇ, ಸುಳ್ಳನ್ನು ಓಡಿಸಿದವರೂ ನಾವೇ.

ಈಗ ಒಬ್ಬ ಸಹೋದರಿಯ ವಿಷಯ ಹೇಳ್ತೀನಿ. ಅವರ ಅನುಮತಿ ಪಡೆದೇ ಹೇಳ್ತಿದ್ದೀನಿ, ಹೆಸರು ಹೇಳಲ್ಲ, ಯಾರು ಅಂತ ಹುಡುಕೋಕೆ ಹೋಗಬೇಡಿ. ಅವರು ಈಗ ಈ ಊರಿನಲ್ಲಿ ಇಲ್ಲ. 2018ರಲ್ಲಿ ಅವರು ಚಿಕ್ಕ ಮಕ್ಕಳ ಸಂಡೇ ಸ್ಕೂಲ್ ಟೀಚರ್. ಆ ಆಡಿಯೋ, ಆ ವಿಡಿಯೋ ಎರಡೂ ಅವರಿಗೆ ಬಂತು. ಮಕ್ಕಳ ಪೋಷಕರ ಗ್ರೂಪಿಗೆ ಕಳಿಸಿದರು. ಕೆಳಗೆ ತಮ್ಮದೇ ಒಂದು ಸಾಲು ಬರೆದರು: ಭಾನುವಾರ ಮಕ್ಕಳನ್ನು ಗೇಟ್ ತನಕ ಬಂದು ಬಿಟ್ಟು ಹೋಗಿ ಅಂತ. ಆ ಸಾಲಿನಲ್ಲಿ ತಪ್ಪೇನಿದೆ? ಒಳ್ಳೆಯ ಟೀಚರ್ ಬರೆಯೋ ಸಾಲು ಅದು.

ಚಾಮರಾಜಪೇಟೆಯ ಸುದ್ದಿ ಪೇಪರಿನಲ್ಲಿ ಬಂತು. ಆ ಭಾನುವಾರ ಆರಾಧನೆ ಮುಗಿದು ಎಲ್ಲರೂ ಹೋದ ಮೇಲೆ ಅವರು ಕುರ್ಚಿಯಲ್ಲೇ ಕೂತಿದ್ದರು. ನಾನು ಹತ್ತಿರ ಹೋದೆ. ಅವರು ಅಳ್ತಾ ಇರಲಿಲ್ಲ. ನೇರವಾಗಿ ಕೇಳಿದರು: “ಪಾಸ್ಟರ್, ಆ ಮನುಷ್ಯನ ರಕ್ತ ನನ್ನ ಕೈ ಮೇಲೂ ಇದೆಯಾ?”

ನಮ್ಮ ಗ್ರೂಪಿನಲ್ಲಿ ಚಾಮರಾಜಪೇಟೆಯವರು ಯಾರೂ ಇರಲಿಲ್ಲ. ಅದನ್ನು ಹೇಳಿ ಸಮಾಧಾನ ಮಾಡಬಹುದಿತ್ತು. ಆದರೆ ಗ್ರೂಪಿನವರು ಯಾರಿಗೆ ಕಳಿಸಿದರು, ಅವರು ಯಾರಿಗೆ ಕಳಿಸಿದರು, ಅದು ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಹೋಗ್ಲಿ ಬಿಡಮ್ಮ, ನೀನು ಬೇಕಂತ ಮಾಡಿದ್ದಲ್ಲವಲ್ಲ, ದೇವರು ಕ್ಷಮಿಸ್ತಾರೆ ಅನ್ನೋದು ಬಾಯಿಗೆ ಸುಲಭವಾಗಿ ಬರೋ ಮಾತು. ನಾನು ಬೈಬಲ್ ತೆಗೆದೆ. ಇದೇ 19ನೇ ಅಧ್ಯಾಯವನ್ನು ಇಬ್ಬರೂ ಓದಿದೆವು.

ಅಲ್ಲಿ ದೇವರು ಎರಡು ಮಾತು ಹೇಳ್ತಾರೆ, ಎರಡನ್ನೂ ಹಿಡಿದುಕೊಳ್ಳಬೇಕು. ಕೊಡಲಿ ಕಳಚಿದವನು ಕೊಲೆಗಾರನಲ್ಲ. ಆರನೇ ವಚನ ನೋಡಿ, ಅವನು ಮರಣಕ್ಕೆ ಪಾತ್ರನಲ್ಲ, ಯಾಕಂದ್ರೆ ಮೊದಲಿಂದ ದ್ವೇಷ ಇರಲಿಲ್ಲ. ಇದನ್ನು ನಾನು ಆ ಸಹೋದರಿಗೆ ಸ್ಪಷ್ಟವಾಗಿ ಹೇಳಿದೆ, ಇವತ್ತು ನಿಮಗೂ ಹೇಳ್ತೀನಿ. ಸೈತಾನ ನಿಮ್ಮನ್ನು ಕೊಲೆಗಾರ ಅಂತ ಕರೆದರೆ ಧರ್ಮಶಾಸ್ತ್ರವೇ ನಿಮ್ಮ ಪರವಾಗಿ ನಿಲ್ಲುತ್ತೆ. ಆದರೆ ಅದೇ ಧರ್ಮಶಾಸ್ತ್ರ ಅವನನ್ನು ಮನೆಗೆ ಹೋಗಿ ಊಟ ಮಾಡಿ ಮಲಗು ಅನ್ನಲಿಲ್ಲ. ಓಡು ಅಂದಿತು. ಹೊಲ ಬಿಟ್ಟು, ಮನೆ ಬಿಟ್ಟು, ಬೇರೆ ಊರಿನಲ್ಲಿ ವರ್ಷಗಟ್ಟಲೆ ಇರು ಅಂದಿತು. ಯಾಕೆ ಇಷ್ಟು ಬೆಲೆ? ಸತ್ತವನು ನಿಜವಾಗಿಯೂ ಸತ್ತಿದ್ದಾನೆ. ನನ್ನ ಮನಸ್ಸು ಒಳ್ಳೆಯದಿತ್ತು ಅನ್ನೋದರಿಂದ ಅವನ ಹೆಂಡತಿಯ ಮನೆಯಲ್ಲಿ ದೀಪ ಹತ್ತಲ್ಲ. ರಾಜಸ್ಥಾನದ ಆ ಯುವಕನ ಮನೆಯವರಿಗೆ ನಮ್ಮ ಉದ್ದೇಶ ಕಟ್ಟಿಕೊಂಡು ಏನಾಗಬೇಕು?

ಓಡೋದು ಅಂದ್ರೆ ತಪ್ಪಿಸಿಕೊಂಡು ಓಡೋದಲ್ಲ. ಯೆಹೋಶುವ 20ರ ನಾಲ್ಕನೇ ವಚನಕ್ಕೆ ಬನ್ನಿ. ಓಡಿಬಂದವನು ಪಟ್ಟಣದ ಬಾಗಿಲಲ್ಲಿ ನಿಂತು, ಹಿರಿಯರು ಕೇಳೋ ಹಾಗೆ ತನ್ನ ಸಂಗತಿಯನ್ನು ತಾನೇ ಹೇಳಬೇಕು. ತನ್ನ ಬಾಯಿಂದ. ಬಾಗಿಲಲ್ಲಿ ಅಂದ್ರೆ ಜನ ಓಡಾಡೋ ಜಾಗದಲ್ಲಿ, ಎಲ್ಲರಿಗೂ ಕೇಳಿಸೋ ಹಾಗೆ. ನಾವೇನು ಮಾಡ್ತೀವಿ? ಡಿಲೀಟ್ ಫಾರ್ ಎವ್ರಿಒನ್. ಹಿಂದಿನ ಸಾಲಿನ ಹುಡುಗರು ನಗ್ತಿದ್ದೀರಿ, ನಗಿ. ಆದರೆ ಯೋಚನೆ ಮಾಡಿ. ಡಿಲೀಟ್ ಮಾಡಿದರೆ ನನ್ನ ಗ್ರೂಪಿನಿಂದ ಹೋಗುತ್ತೆ, ಅಲ್ಲಿಂದ ಮುಂದೆ ಹೋದದ್ದು ಹೋಗೇ ಇರುತ್ತೆ. ಅಳಿಸಿದ್ದು ನನ್ನ ಬೆರಳಚ್ಚನ್ನು ಮಾತ್ರ. ಸುಳ್ಳು ತಿರುಗ್ತಾನೇ ಇದೆ.

ಆ ಸಹೋದರಿ ಮರುದಿನ ಅದೇ ಗ್ರೂಪಿನಲ್ಲಿ ಬರೆದರು. ಸೋಮವಾರ ಬೆಳಿಗ್ಗೆ, ಎಲ್ಲರೂ ನೋಡೋ ಹೊತ್ತಿಗೆ. ನಾನು ಕಳಿಸಿದ ಸುದ್ದಿ ಸುಳ್ಳು, ವಿಡಿಯೋ ನಮ್ಮ ದೇಶದ್ದಲ್ಲ, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೆ ನನ್ನ ಹೆಸರು ಹೇಳಿಯೇ ತಿಳಿಸಿ ಅಂತ. ಏನಾಯ್ತು ಗೊತ್ತಾ? ಒಬ್ಬ ತಂದೆ ಏನೂ ಹೇಳದೆ ಗ್ರೂಪ್ ಬಿಟ್ಟು ಹೋದರು. ಇಬ್ಬರು ಕೈಮುಗಿದ ಎಮೋಜಿ ಹಾಕಿದರು. ಒಬ್ಬ ತಾಯಿ ಫೋನ್ ಮಾಡಿದರು: “ನಾನು ಕೋಲಾರದ ಕಡೆ ನಮ್ಮ ಅತ್ತೆ ಊರಿಗೆ ಕಳಿಸಿದ್ದೆ, ಈಗ ಏನು ಮಾಡಲಿ?” ಟೀಚರ್ ಆ ಅತ್ತೆಯ ನಂಬರ್ ತಗೊಂಡು ಅವರ ಜೊತೆ ಮಾತಾಡಿದರು. ಅತ್ತೆ ಅದನ್ನು ಹಾಲಿನ ಡೈರಿಯ ಗ್ರೂಪಿಗೆ ಹಾಕಿದ್ದರಂತೆ. ಡೈರಿಯ ಸೆಕ್ರೆಟರಿಗೆ ಫೋನ್. ಅವರ ಮಗ ಕಾಲೇಜಿನ ಗ್ರೂಪಿಗೆ ಹಾಕಿದ್ದ. ಅಲ್ಲಿಗೆ ದಾರಿ ಕಾಣಲಿಲ್ಲ. ನಾಲ್ಕು ಮೆಟ್ಟಿಲು ಇಳಿದರು, ಆಮೇಲೆ ಕತ್ತಲೆ. ಅವರು ನನಗೆ ಹೇಳಿದ್ದು ಇಷ್ಟೇ, “ಪಾಸ್ಟರ್, ಕಳಿಸೋಕೆ ಎರಡು ಸೆಕೆಂಡ್ ಆಯ್ತು, ವಾಪಸ್ ಕರೆಯೋಕೆ ಒಂದು ವಾರ ಸಾಕಾಗಲಿಲ್ಲ.”

ಇಲ್ಲಿ ಸಭೆಗೆ ಒಂದು ಮಾತು. ಧರ್ಮೋಪದೇಶಕಾಂಡ 19ರ ಮೂರನೇ ವಚನದಲ್ಲಿ ಆ ಪಟ್ಟಣಗಳಿಗೆ ಹೋಗೋ ದಾರಿಯನ್ನು ಸಿದ್ಧಮಾಡಬೇಕು ಅಂತ ಇದೆ. ದಾರಿ ಮಾಡಬೇಕಾದವನು ಓಡುವವನಲ್ಲ, ಉಳಿದ ಜನ. ಕಲ್ಲು ಮುಳ್ಳು ತೆಗೆಯಬೇಕಾದವರು ನಾವು. ಮನೆಯ ಗ್ರೂಪಿನಲ್ಲಿ ಚಿಕ್ಕಮ್ಮನೋ ದೊಡ್ಡಪ್ಪನೋ ಸುಳ್ಳು ಮೆಸೇಜ್ ಹಾಕಿದಾಗ ನೀವು ಹೇಗೆ ಉತ್ತರ ಕೊಡ್ತೀರಿ? ನಗೋ ಎಮೋಜಿ, ವಾಟ್ಸಾಪ್ ಯೂನಿವರ್ಸಿಟಿ ಅನ್ನೋ ಗೇಲಿ, ಅದರ ಸ್ಕ್ರೀನ್‌ಶಾಟ್ ಸ್ನೇಹಿತರ ಗ್ರೂಪಿಗೆ. ಆಮೇಲೆ ಆ ಚಿಕ್ಕಮ್ಮ ತಪ್ಪಾಯ್ತು ಅಂತ ಯಾವತ್ತಾದರೂ ಬರೀತಾರಾ? ಬರೆಯಲ್ಲ. ಬಾಗಿಲಲ್ಲಿ ನಿಂತ ಹಿರಿಯರು ಓಡಿಬಂದವನನ್ನು ಒಳಗೆ ಕರಕೊಂಡು ಇರೋಕೆ ಜಾಗ ಕೊಡಬೇಕಿತ್ತು, ಕಲ್ಲು ಎಸೆಯೋಕಲ್ಲ. ಅಂಥ ಮೆಸೇಜ್ ಬಂದರೆ ಗ್ರೂಪಿನಲ್ಲಿ ಒಂದು ಸಾಲು ಗೌರವದಿಂದ ಬರೆಯಿರಿ, ಆಮೇಲೆ ಫೋನ್ ಮಾಡಿ. “ಚಿಕ್ಕಮ್ಮ, ಊಟ ಆಯ್ತಾ? ಆ ವಿಡಿಯೋ ನಮ್ಮೂರದ್ದಲ್ವಂತೆ, ನಾನು ನೋಡಿದೆ” ಅನ್ನಿ. ಅಷ್ಟಕ್ಕೆ ಅವರೇ ತೆಗೀತಾರೆ, ಅವರೇ ಬೇರೆಯವರಿಗೂ ಹೇಳ್ತಾರೆ.

ಗ್ರೂಪ್ ಅಡ್ಮಿನ್‌ಗಳು ಧರ್ಮೋಪದೇಶಕಾಂಡ 22:8 ಗುರುತು ಹಾಕಿಕೊಳ್ಳಿ. ಹೊಸ ಮನೆ ಕಟ್ಟಿದರೆ ಮಾಳಿಗೆಗೆ ಸುತ್ತಲೂ ಗೋಡೆ ಕಟ್ಟಬೇಕು, ಯಾರಾದರೂ ಬಿದ್ದು ಸತ್ತರೆ ಆ ರಕ್ತಾಪರಾಧ ಮನೆಗೆ ಬರುತ್ತೆ. ನಮ್ಮ ಮೇಸ್ತ್ರಿಗಳು ಅದನ್ನೇ ಪ್ಯಾರಪೆಟ್ ಅಂತಾರೆ. ಗ್ರೂಪ್ ಕಟ್ಟೋದು ಸುಲಭ, 200 ಜನರನ್ನು ಮಾಳಿಗೆಗೆ ಹತ್ತಿಸ್ತೀರಿ. ಪ್ಯಾರಪೆಟ್ ಎಲ್ಲಿ? ಮುರ್ಕಿಯ ಘಟನೆ ನಡೆದ ತಿಂಗಳಲ್ಲೇ ವಾಟ್ಸಾಪ್ ಕಂಪನಿ ಫಾರ್ವರ್ಡ್ ಮಾಡಿದ ಮೆಸೇಜಿಗೆ ಗುರುತು ಹಾಕೋಕೆ ಶುರುಮಾಡಿತು, ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಕಳಿಸಬಹುದು ಅಂತ ಮಿತಿ ತಂದಿತು. 2020ರಲ್ಲಿ, ಬಹಳ ಕೈ ದಾಟಿ ಬಂದ ಮೆಸೇಜನ್ನು ಒಂದೇ ಚಾಟ್‌ಗೆ ಅಂತ ಇಳಿಸಿತು. ವ್ಯಾಪಾರ ಮಾಡೋ ಕಂಪನಿಯೇ ಇಷ್ಟು ಎತ್ತರದ ಗೋಡೆ ಕಟ್ಟಿದೆ. ಎರಡು ಬಾಣದ ಗುರುತು ಕಂಡರೆ ಅದು ಎಷ್ಟೋ ಜನರ ಕೈ ದಾಟಿ ಬಂದದ್ದು, ಬರೆದವನು ಯಾರು ಅಂತ ಕಳಿಸಿದವನಿಗೂ ಗೊತ್ತಿಲ್ಲ ಅಂತ ತಿಳಿದುಕೊಳ್ಳಿ.

ಹಾಗಾದರೆ ನಿಜವಾಗಿ ಒಂದು ಮಗು ಅಪಾಯದಲ್ಲಿದ್ದರೆ? ಒಳ್ಳೆಯ ಪ್ರಶ್ನೆ. 1098ಕ್ಕೆ ಫೋನ್ ಮಾಡಿ, ಅದು ಮಕ್ಕಳ ಸಹಾಯವಾಣಿ. 112ಕ್ಕೆ ಮಾಡಿ, ಪೊಲೀಸರು ಬರ್ತಾರೆ. ಗ್ರೂಪಿಗೆ ಕಳಿಸಿದರೆ ಪೊಲೀಸರು ಬರಲ್ಲ, ಗುಂಪು ಬರುತ್ತೆ.

ಈಗ ಯೆಹೋಶುವ 22. ಈ ಅಧ್ಯಾಯವನ್ನು ನಾವು ಅಷ್ಟಾಗಿ ಪ್ರಸಂಗ ಮಾಡಲ್ಲ, ನನಗಂತೂ ಬಹಳ ಇಷ್ಟ. ಯುದ್ಧ ಮುಗಿದಿದೆ. ರೂಬೇನ್, ಗಾದ್, ಮನಸ್ಸೆಯ ಅರ್ಧಕುಲದವರು ಯೊರ್ದನಿನ ಆಚೆ ತಮ್ಮ ಮನೆಗಳಿಗೆ ಹೊರಟರು. ಹೋಗ್ತಾ ಯೊರ್ದನಿನ ಹತ್ತಿರ ಒಂದು ದೊಡ್ಡ ಯಜ್ಞವೇದಿ ಕಟ್ಟಿದರು. ಸುದ್ದಿ ಉಳಿದ ಇಸ್ರಾಯೇಲರ ಕಿವಿಗೆ ಬಿತ್ತು: ನೋಡಿ, ಅವರು ಬೇರೆ ಯಜ್ಞವೇದಿ ಕಟ್ಟಿದ್ದಾರೆ! ಗಮನಿಸಿ, ಸುದ್ದಿ ನಿಜ. ವೇದಿ ಕಟ್ಟಿದ್ದು ನಿಜ. ಫೋಟೋ ತೆಗೆದಿದ್ದರೆ ಫೋಟೋ ಕೂಡ ನಿಜವಾಗಿರ್ತಿತ್ತು. ಅವರು ದೇವರನ್ನು ಬಿಟ್ಟಿದ್ದಾರೆ ಅನ್ನೋ ಅರ್ಥ ಮಾತ್ರ ಸುಳ್ಳು. ಇಡೀ ಜನ ಶೀಲೋವಿನಲ್ಲಿ ಯುದ್ಧಕ್ಕೆ ಕೂಡಿಬಂತು. ತಮ್ಮ ಸ್ವಂತ ಸಹೋದರರ ಮೇಲೆ. ಅದೂ ದೇವರ ಮೇಲಿನ ವೈರಾಗ್ಯದಿಂದ, ಆಸ್ತಿಗಾಗಿ ಅಲ್ಲ.

ಆದರೆ ಸೈನ್ಯ ಹೊರಡೋ ಮೊದಲು ಅವರು ಫೀನೆಹಾಸನನ್ನು ಕಳಿಸಿದರು, ಜೊತೆಗೆ ಕುಲಕ್ಕೆ ಒಬ್ಬನಂತೆ ಹತ್ತು ಜನ ಪ್ರಧಾನರು. ಫೀನೆಹಾಸ ಯಾರು ಗೊತ್ತಲ್ಲ? ಅರಣ್ಯಕಾಂಡ 25ರಲ್ಲಿ ಈಟಿ ಹಿಡಿದು ನುಗ್ಗಿದವನು. ಅಂಥ ಬಿಸಿರಕ್ತದ ಮನುಷ್ಯನೇ ಈ ಸಲ ಬರಿ ಮಾತು ತಗೊಂಡು ಗಿಲ್ಯಾದಿಗೆ ನಡೆದ. ಯೊರ್ದನ್ ದಾಟಿದ. ಹೋಗಿ ಅವರ ಮುಖ ನೋಡಿ ಕೇಳಿದ. ಮಾತು ಖಾರವಾಗೇ ಇತ್ತು, ಓದಿ ನೋಡಿ. ಆದರೂ ಕೇಳಿದ, ಉತ್ತರ ಕೇಳಿಸಿಕೊಂಡ. ಅವರು ಹೇಳಿದ್ದೇನು? ಮುಂದೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನಿಮಗೂ ನಮ್ಮ ದೇವರಿಗೂ ಸಂಬಂಧ ಇಲ್ಲ ಅಂದಾರು ಅಂತ ಹೆದರಿ, ನೆನಪಿನ ಸಾಕ್ಷಿಯಾಗಿ ಕಟ್ಟಿದ್ದೀವಿ, ಬಲಿ ಕೊಡೋಕಲ್ಲ. ಫೀನೆಹಾಸನಿಗೆ ಅದು ಸರಿ ಅನ್ನಿಸಿತು. ಹಿಂದಿರುಗಿ ಬಂದು ಜನಕ್ಕೆ ಹೇಳಿದ. ಯುದ್ಧದ ಮಾತು ಅಲ್ಲಿಗೆ ನಿಂತಿತು. ಅಲ್ಲಿ ಎಷ್ಟು ಮಕ್ಕಳು ಅನಾಥರಾಗದೆ ಉಳಿದರು ಅಂತ ಯಾರೂ ಬರೆದಿಟ್ಟಿಲ್ಲ.

ಮುರ್ಕಿಯಲ್ಲಿ ಕಾರಿಗಿಂತ ಮುಂಚೆ ಮೆಸೇಜ್ ಹೋಯ್ತು. ಯೊರ್ದನ್ ತೀರದಲ್ಲಿ ಸೈನ್ಯಕ್ಕಿಂತ ಮುಂಚೆ ಪ್ರಶ್ನೆ ಹೋಯ್ತು. ಶೀಲೋವಿನಿಂದ ಗಿಲ್ಯಾದಿಗೆ ನಡೆಯೋಕೆ ದಿನಗಳು ಬೇಕು, ಆ ನಡಿಗೆಯಲ್ಲಿ ಕೋಪ ಸ್ವಲ್ಪ ಇಳಿದಿರಬೇಕು ಅಂತ ನನಗೆ ಅನ್ನಿಸುತ್ತೆ. ನಮಗೆ ಆ ದಾರಿಯೇ ಇಲ್ಲ, ಹೆಬ್ಬೆರಳು ಅಲ್ಲಾಡಿಸಿದರೆ ಆಯ್ತು. ಆದ್ದರಿಂದ ದಾರಿಯನ್ನು ನಾವೇ ಮಾಡಿಕೊಳ್ಳಬೇಕು. ಯಾವುದೋ ಏರಿಯಾದಲ್ಲಿ ಏನೋ ಆಗಿದೆ ಅಂತ ಬಂತಾ? ಆ ಏರಿಯಾದಲ್ಲಿ ನಿಮಗೆ ಗೊತ್ತಿರೋ ಒಬ್ಬರಿಗೆ ಫೋನ್ ಮಾಡಿ. ಗೊತ್ತಿರೋರು ಯಾರೂ ಇಲ್ಲ ಅಂದ್ರೆ, ಅದರ ಬಗ್ಗೆ ಸಾಕ್ಷಿ ಹೇಳೋಕೆ ನೀವು ಯಾರು? ಕಳಿಸಬೇಡಿ.

ಇನ್ನೊಂದು ಮಾತು ಉಳಿದಿದೆ, ಅದನ್ನು ಹೇಳದೆ ಹೋದರೆ ಈ ಅಧ್ಯಾಯ ಓದಿಯೂ ಓದದ ಹಾಗೆ. ಆಶ್ರಯನಗರಕ್ಕೆ ಓಡಿದವನು ಮನೆಗೆ ಯಾವಾಗ ಹೋಗಬಹುದಿತ್ತು? ಮಹಾಯಾಜಕನು ಸತ್ತ ಮೇಲೆ. ವಿಚಿತ್ರ ಅಲ್ವಾ? ಅವನ ಶಿಕ್ಷೆಗೆ ವರ್ಷದ ಲೆಕ್ಕ ಇಲ್ಲ, ಒಳ್ಳೆಯ ನಡತೆಯ ಲೆಕ್ಕ ಇಲ್ಲ. ಒಬ್ಬ ಯಾಜಕನ ಮರಣ ಅವನ ಬಿಡುಗಡೆ. ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವನ್ನು ಮಹಾಯಾಜಕ ಅಂತ ಕರೆಯುತ್ತೆ, ಆರನೇ ಅಧ್ಯಾಯದಲ್ಲಿ ನಮ್ಮನ್ನು ಆಶ್ರಯಕ್ಕೆ ಓಡಿಬಂದವರು ಅನ್ನುತ್ತೆ. ನಮ್ಮ ಮಹಾಯಾಜಕ ಈಗಾಗಲೇ ಸತ್ತು ಎದ್ದಿದ್ದಾನೆ. ಹಲ್ಲೆಲೂಯ. ಆ ಸಹೋದರಿ ನಾಲ್ಕು ಮೆಟ್ಟಿಲು ಇಳಿದು ಐದನೆಯದು ಕಾಣದೆ ನಿಂತರಲ್ಲ, ಆ ಕತ್ತಲೆಯಲ್ಲಿ ಅವರಿಗೆ ಸಿಕ್ಕ ಸಮಾಧಾನ ಇದೇ. ಅವರು ವಾಪಸ್ ಕರೆಯಲಾಗದ್ದನ್ನು ಹೊತ್ತವನೊಬ್ಬನಿದ್ದಾನೆ. ಆದರೆ ಮೊದಲು ಬಾಗಿಲ ತನಕ ಓಡಿದರು, ತಮ್ಮ ಬಾಯಿಂದ ಹೇಳಿದರು. ಆಮೇಲೆ ಮನೆಗೆ ಹೋದರು.

ಸಾಮಾನ್ಯವಾಗಿ ಈ ಹೊತ್ತಿಗೆ ನಾನು ಎದ್ದು ನಿಲ್ಲಿ ಪ್ರಾರ್ಥಿಸೋಣ ಅಂತೀನಿ, ಕೀಬೋರ್ಡ್ ಶುರುವಾಗುತ್ತೆ. ಇವತ್ತು ಐದು ನಿಮಿಷ ತಡೆಯಿರಿ. ಮತ್ತಾಯ 5ರಲ್ಲಿ ಕರ್ತನು, ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಹೇಳಿದ್ದಾನೆ. ಎಲ್ಲರೂ ಫೋನ್ ಹೊರಗೆ ತೆಗೆಯಿರಿ. ಕಳೆದ ಒಂದೆರಡು ತಿಂಗಳಲ್ಲಿ ನೀವು ಕಳಿಸಿದ್ದನ್ನು ಮೇಲಕ್ಕೆ ಸರಿಸುತ್ತಾ ನೋಡಿ. ಒಂದು ಮತದವರ ಬಗ್ಗೆ, ಒಂದು ಊರಿನವರ ಬಗ್ಗೆ, ಯಾವುದೋ ಹುಡುಗಿಯ ಬಗ್ಗೆ, ಯಾವುದೋ ಅಂಗಡಿಯ ಬಗ್ಗೆ. ಸುಳ್ಳು ಅಂತ ಆಮೇಲೆ ಗೊತ್ತಾಗಿಯೂ ಸುಮ್ಮನೆ ಬಿಟ್ಟದ್ದು ಸಿಕ್ಕರೆ, ಅದನ್ನು ಅಳಿಸಬೇಡಿ. ಅದರ ಕೆಳಗೇ, ಅದೇ ಗ್ರೂಪಿನಲ್ಲಿ, ಇದು ಸುಳ್ಳು, ನಾನು ಕಳಿಸಿದ್ದೆ ಅಂತ ಬರೆಯಿರಿ. ಯಾರಾದರೂ ಫೋನ್ ಮಾಡಬೇಕಿದ್ದರೆ ಹೊರಗೆ ವರಾಂಡಕ್ಕೆ ಹೋಗಿ ಮಾಡಿ ಬನ್ನಿ, ನಾವು ಕಾಯ್ತೀವಿ. ಕೀಬೋರ್ಡಿನ ಸಹೋದರ, ನೀವೂ ಫೋನ್ ತೆಗೆಯಿರಿ.